ಆಟದ ಬೆಲೆ, ಬೀಗದ ನ್ಯಾಯ

ಒಬ್ಬನ ವಸ್ತುವನ್ನು ಅವನ ಒಪ್ಪಿಗೆಯಿಲ್ಲದೆ ಇನ್ನೊಬ್ಬನು ಒಯ್ದರೆ ಅದು ಕಳವು. ಕಳವಾದ ಮೇಲೆ ಆ ವಸ್ತು ಮೊದಲಿನವನ ಮನೆಯಲ್ಲಿ ಉಳಿಯುವುದಿಲ್ಲ. ಕಳ್ಳತನವನ್ನು ಕುರಿತ ಲೋಕದ ನ್ಯಾಯವೆಲ್ಲ ಈ ಸರಳವಾದ ಅನುಭವದ ಮೇಲೆ ನಿಂತಿದೆ. ಆದರೆ ಒಯ್ದ ಬಳಿಕವೂ ವಸ್ತು ಇದ್ದಲ್ಲಿಯೇ ಇದ್ದು, ಅದರ ಪಡಿಯಚ್ಚು ಮಾತ್ರ ಬೇರೊಬ್ಬನ ಕೈ ಸೇರಿದರೆ ಅದನ್ನು ಏನೆಂದು ಕರೆಯಬೇಕು? ಪುಸ್ತಕದ ವಿಷಯದಲ್ಲಿ ಈ ಪ್ರಶ್ನೆ ಮುದ್ರಣಯಂತ್ರದಷ್ಟೇ ಹಳೆಯದು. ಗ್ರಾಮಫೋನ್ ತಟ್ಟೆ, ಚಲನಚಿತ್ರ, ಕಂಪ್ಯೂಟರಿನ ಪ್ರೋಗ್ರಾಮು, ಇವುಗಳ ಕಾಲದಲ್ಲಿಯೂ ಅದು ಮತ್ತೆ ಮತ್ತೆ ಎದ್ದು ಬಂದಿತು. ಇಂದು ಅದು ತನ್ನ ಅತ್ಯಂತ ತೊಡಕಿನ ರೂಪದಲ್ಲಿ ಕಾಣಿಸಿಕೊಂಡಿರುವುದು ವಿಡಿಯೋ ಆಟಗಳ ಲೋಕದಲ್ಲಿ.

ಇದು ಹುಡುಗರ ಆಟದ ಮಾತೆಂದು ಸಾಹಿತ್ಯಾಸಕ್ತರು ಪುಟ ತಿರುವಬೇಕಾಗಿಲ್ಲ. ಒಂದು ದೊಡ್ಡ ವಿಡಿಯೋ ಆಟದಲ್ಲಿ ಕಥೆಗಾರ, ಚಿತ್ರಕಾರ, ಸಂಗೀತಗಾರ, ನಟ, ಗಣಿತಜ್ಞ ಎಲ್ಲರ ದುಡಿಮೆಯೂ ಸೇರಿರುತ್ತದೆ. ಅಂಥ ಕೃತಿಗೆ ಬೆಲೆ ಕಟ್ಟುವವರು ಯಾರು? ಆ ಬೆಲೆ ಎಲ್ಲ ದೇಶದವರಿಗೂ ಒಂದೇ ಆಗಿರಬೇಕೆ? ಹಣ ಕೊಟ್ಟವನಿಗೆ ದೊರೆಯುವುದು ಕೃತಿಯೇ, ಇಲ್ಲವೆ ಅದನ್ನು ಕೆಲವು ಕಾಲ ಅನುಭವಿಸುವ ಅಪ್ಪಣೆಯೇ? ಈ ಪ್ರಶ್ನೆಗಳಿಗೆ ಆಟಗಳ ಲೋಕ ಇಂದು ಕಂಡುಕೊಳ್ಳುವ ಉತ್ತರ ನಾಳೆ ಪುಸ್ತಕಕ್ಕೂ ಅನ್ವಯಿಸೀತು.

ಈ ವಿವಾದದಲ್ಲಿ ಸಾಮಾನ್ಯವಾಗಿ ಎರಡು ಪಕ್ಷಗಳ ವಾದ ಕೇಳಿಬರುತ್ತದೆ. ಕಳ್ಳಪ್ರತಿ ಮಾಡುವವನು ಕಳ್ಳನೇ, ಅವನ ವಿಷಯದಲ್ಲಿ ಬೇರೆ ಮಾತೇ ಇಲ್ಲ ಎಂಬುದು ಒಂದು. ಕಂಪನಿಗಳು ದುರಾಶೆಯಿಂದ ಬೆಲೆಯೇರಿಸಿರುವಾಗ ಪ್ರತಿ ಮಾಡುವುದು ತಪ್ಪಲ್ಲ ಎಂಬುದು ಇನ್ನೊಂದು. ಎರಡರಲ್ಲಿಯೂ ಅರ್ಧ ಸತ್ಯವಿದೆ. ಎರಡು ಪಕ್ಷದವರೂ ಗಮನಿಸದ ಸಂಗತಿಯೊಂದಿದೆ. ಆಟದ ಯಂತ್ರಕ್ಕೆ ಹಾಕಿರುವ ಬೀಗ ಕರ್ತೃವಿನ ದುಡಿಮೆಯೊಂದನ್ನೇ ಕಾಯುತ್ತಿಲ್ಲ. ಮಾರುವವನ ಗಡಿಗಳನ್ನೂ ಕಾಯುತ್ತಿದೆ. ಈ ಎರಡು ಕೆಲಸಗಳನ್ನು ಬೇರೆಬೇರೆಯಾಗಿ ತೂಗಿ ನೋಡದ ಹೊರತು ಇಲ್ಲಿ ನ್ಯಾಯಾನ್ಯಾಯಗಳ ವಿವೇಚನೆ ಸಾಧ್ಯವಿಲ್ಲ.

ಬೀಗದ ಹುಟ್ಟು

೧೯೭೭ರಲ್ಲಿ ಅಮೆರಿಕದ ಅಟಾರಿ ಸಂಸ್ಥೆ ಮನೆಯ ಟೆಲಿವಿಷನ್ನಿಗೆ ಜೋಡಿಸಿ ಆಡುವ ಯಂತ್ರವೊಂದನ್ನು ಮಾರಾಟಕ್ಕೆ ತಂದಿತು. ಅದಕ್ಕೆ ಬೀಗವಿರಲಿಲ್ಲ. ಆಟಗಳನ್ನು ರಚಿಸಿದವರ ಹೆಸರನ್ನು ಪೆಟ್ಟಿಗೆಯ ಮೇಲೆ ಅಚ್ಚು ಹಾಕುವ ಪದ್ಧತಿಯೂ ಆ ಸಂಸ್ಥೆಯಲ್ಲಿ ಇರಲಿಲ್ಲ. ಹೆಸರನ್ನೂ ತಕ್ಕ ಪ್ರತಿಫಲವನ್ನೂ ಬಯಸಿದ ಕೆಲವರು ಹೊರಬಂದು ೧೯೭೯ರಲ್ಲಿ ಆಕ್ಟಿವಿಷನ್ ಎಂಬ ಸಂಸ್ಥೆಯನ್ನು ಕಟ್ಟಿ, ಅಟಾರಿಯ ಯಂತ್ರಕ್ಕೆ ತಾವೇ ಆಟಗಳನ್ನು ಮಾಡಿ ಮಾರತೊಡಗಿದರು. ಅವರನ್ನು ಕಂಡು ಹಲವರು ಅದೇ ದಾರಿ ಹಿಡಿದರು. ಒಳ್ಳೆಯದರ ಜೊತೆಗೆ ಜಳ್ಳೂ ಪೇಟೆಗೆ ನುಗ್ಗಿತು. ೧೯೮೩ರಲ್ಲಿ ಅಮೆರಿಕದ ಆಟದ ಪೇಟೆ ಕುಸಿದುಬಿದ್ದಿತು.

ಜಪಾನಿನ ನಿಂಟೆಂಡೋ ಸಂಸ್ಥೆ ಇದರಿಂದ ಪಾಠ ಕಲಿಯಿತು. ೧೯೮೫ರಲ್ಲಿ ಅದು ಅಮೆರಿಕಕ್ಕೆ ತಂದ ಯಂತ್ರದಲ್ಲಿ ಒಂದು ಚಿಕ್ಕ ಚಿಪ್ ಇದ್ದಿತು. ಅದರ ಜೋಡಿ ಚಿಪ್ ಆಟದ ಕ್ಯಾಸೆಟ್ಟಿನಲ್ಲಿ ಇದ್ದಿತು. ಎರಡೂ ಒಂದನ್ನೊಂದು ಗುರುತಿಸಿದರೆ ಮಾತ್ರ ಆಟ ತೆರೆಯುತ್ತಿತ್ತು. ಆಟ ಮಾಡುವವರು ನಿಂಟೆಂಡೋದಿಂದ ಪರವಾನಗಿ ಪಡೆಯಬೇಕು, ಕ್ಯಾಸೆಟ್ಟನ್ನು ಅದರಿಂದಲೇ ಮಾಡಿಸಬೇಕು, ವರ್ಷಕ್ಕೆ ಐದಕ್ಕಿಂತ ಹೆಚ್ಚು ಆಟ ತರಕೂಡದು ಎಂಬ ಕಟ್ಟಳೆಗಳೂ ಬಂದವು. ಎಂದರೆ, ಆಟದ ಯಂತ್ರಕ್ಕೆ ಬೀಗ ಬಿದ್ದುದು ಪ್ರತಿ ಮಾಡುವವನೊಬ್ಬನನ್ನೇ ಮನಸ್ಸಿನಲ್ಲಿಟ್ಟುಕೊಂಡಲ್ಲ. ಪೇಟೆಯ ಬಾಗಿಲಲ್ಲಿ ನಿಂತು ಯಾರು ಒಳಗೆ ಬರಬಹುದೆಂದು ನಿರ್ಣಯಿಸುವ ಅಧಿಕಾರವೂ ಆ ಬೀಗದ ಕೈಯೊಂದಿಗೆ ಸೇರಿಕೊಂಡಿತ್ತು.

೧೯೯೨ರಲ್ಲಿ ಅಮೆರಿಕದ ನ್ಯಾಯಾಲಯಗಳು ಈ ಬಗೆಯ ಎರಡು ವ್ಯಾಜ್ಯಗಳಲ್ಲಿ ತೀರ್ಪು ಕೊಟ್ಟವು. ಅಕೊಲೇಡ್ ಎಂಬ ಸಂಸ್ಥೆ ಸೆಗಾ ಕಂಪನಿಯ ಆಟಗಳ ಪ್ರೋಗ್ರಾಮನ್ನು ಬಿಚ್ಚಿ ಓದಿ, ಆ ಯಂತ್ರ ಕೆಲಸ ಮಾಡುವ ಬಗೆಯನ್ನರಿತು, ಅದರಲ್ಲಿ ನಡೆಯುವ ತನ್ನದೇ ಆಟಗಳನ್ನು ಮಾಡಿತ್ತು. ಅರಿಯುವುದಕ್ಕಾಗಿ ಬಿಚ್ಚಿ ನೋಡುವುದು ತಪ್ಪಲ್ಲವೆಂದು ನ್ಯಾಯಾಲಯ ಹೇಳಿತು. ಅಟಾರಿ ಗೇಮ್ಸ್ ಎಂಬ ಸಂಸ್ಥೆಯಾದರೋ ನಿಂಟೆಂಡೋ ಬೀಗದ ರಹಸ್ಯವನ್ನು ಸರಕಾರದ ಗ್ರಂಥಸ್ವಾಮ್ಯ ಕಚೇರಿಯಿಂದ ಸುಳ್ಳು ಹೇಳಿ ಪಡೆದಿತ್ತು. ಅದರ ವಿರುದ್ಧ ತೀರ್ಪಾಯಿತು. ಬೀಗವನ್ನು ಅರ್ಥ ಮಾಡಿಕೊಳ್ಳುವುದು ಬೇರೆ, ಬೀಗದ ಕೈಯನ್ನು ಕದಿಯುವುದು ಬೇರೆ ಎಂಬ ಈ ವಿವೇಕವನ್ನು ನಾವು ನೆನಪಿನಲ್ಲಿಡಬೇಕು. ಮುಂದಿನ ವರ್ಷಗಳಲ್ಲಿ ಕಾನೂನು ಅದನ್ನು ಹಲವೆಡೆ ಮರೆಯಿತು.

ಒಂದು ಬೀಗ, ಎರಡು ಕೆಲಸ

೧೯೯೪ರ ಡಿಸೆಂಬರಿನಲ್ಲಿ ಸೋನಿ ಸಂಸ್ಥೆ ಜಪಾನಿನಲ್ಲಿ ಪ್ಲೇಸ್ಟೇಷನ್ ಯಂತ್ರವನ್ನು ಹೊರತಂದಿತು. ಇದರ ಆಟಗಳು ಸಿ.ಡಿ.ಯಲ್ಲಿ ಬರುತ್ತಿದ್ದವು. ಸೋನಿ ತನ್ನ ತಟ್ಟೆಯ ಒಳಸುತ್ತಿನ ಗೆರೆಯಲ್ಲಿ ಬಹು ಸೂಕ್ಷ್ಮವಾದ ಒಂದು ಓಲಾಟವನ್ನು ಸೇರಿಸಿತು. ಸಾಮಾನ್ಯ ಸಿ.ಡಿ. ಬರೆಯುವ ಯಂತ್ರಕ್ಕೆ ಆ ಓಲಾಟವನ್ನು ನಕಲು ಮಾಡಲು ಬರುತ್ತಿರಲಿಲ್ಲ. ಆ ಓಲಾಟದೊಳಗೆ ಅಡಗಿದ್ದುದು ನಾಲ್ಕು ಅಕ್ಷರಗಳ ಒಂದು ಸಂಕೇತ. ಅದು ಎರಡು ಸಂಗತಿಗಳನ್ನು ಒಟ್ಟಿಗೆ ಹೇಳುತ್ತಿತ್ತು: ಈ ತಟ್ಟೆ ಅಸಲಿಯದು, ಈ ತಟ್ಟೆ ಜಪಾನಿನದು, ಅಥವಾ ಅಮೆರಿಕದ್ದು, ಅಥವಾ ಯೂರೋಪಿನದು. ಹಣ ಕೊಟ್ಟು ಕೊಂಡ ಅಸಲಿ ತಟ್ಟೆಯೇ ಆದರೂ ಬೇರೆ ವಲಯದ್ದಾದರೆ ಯಂತ್ರ ಅದನ್ನು ಕಳ್ಳಪ್ರತಿಯಂತೆಯೇ ತಿರಸ್ಕರಿಸುತ್ತಿತ್ತು.

ಆದ್ದರಿಂದ ಯಂತ್ರಕ್ಕೆ ಬೇರೊಂದು ಚಿಪ್ ಹಾಕಿಸಿಕೊಂಡವರಲ್ಲಿ ಎರಡು ಬಗೆಯವರು ಬೆರೆತುಹೋದರು. ನಕಲಿ ತಟ್ಟೆ ಆಡಬೇಕೆನ್ನುವವನಿಗೂ, ಪರದೇಶದಲ್ಲಿ ಹಣ ತೆತ್ತು ತಂದ ಆಟವನ್ನು ತನ್ನ ಮನೆಯಲ್ಲಿ ಆಡಬೇಕೆನ್ನುವವನಿಗೂ ಬೇಕಾದುದು ಅದೇ ಚಿಪ್. ಇಂಥ ಚಿಪ್ಪುಗಳನ್ನು ಮಾರುತ್ತಿದ್ದ ಸಿಡ್ನಿಯ ಸ್ಟೀವನ್ಸ್ ಎಂಬವರ ಮೇಲೆ ಸೋನಿ ಹೂಡಿದ ದಾವೆ ೨೦೦೫ರಲ್ಲಿ ಆಸ್ಟ್ರೇಲಿಯದ ಉಚ್ಚ ನ್ಯಾಯಾಲಯದವರೆಗೆ ಹೋಯಿತು. ಅದು ಆ ದೇಶದ ಅತ್ಯುನ್ನತ ನ್ಯಾಯಪೀಠ. ಸೋನಿಯ ಬೀಗ ಪ್ರತಿ ಮಾಡುವುದನ್ನು ತಡೆಯುವುದಿಲ್ಲ, ಆಗಲೇ ಮಾಡಿದ ಪ್ರತಿಯನ್ನು ಆಡುವುದನ್ನು ಮಾತ್ರ ತಡೆಯುತ್ತದೆ; ಆದುದರಿಂದ ಅದನ್ನು ತೆಗೆಯುವ ಸಾಧನ ಆಗಿನ ಕಾನೂನಿನಂತೆ ಅಪರಾಧವಾಗದು ಎಂದು ನ್ಯಾಯಮೂರ್ತಿಗಳು ಹೇಳಿದರು. ಅಮೆರಿಕದೊಡನೆ ಮಾಡಿಕೊಂಡ ವ್ಯಾಪಾರ ಒಪ್ಪಂದದ ಒತ್ತಾಯದಿಂದ ಆಸ್ಟ್ರೇಲಿಯ ೨೦೦೬ರಲ್ಲಿ ತನ್ನ ಕಾನೂನನ್ನು ಬಿಗಿಗೊಳಿಸಿತು. ಆದರೂ ಅಸಲಿ ಆಟಗಳನ್ನು ವಲಯಗಳ ಗೆರೆಯೊಳಗೆ ಕಟ್ಟಿಹಾಕುವ ಬೀಗಕ್ಕೆ ರಕ್ಷಣೆಯಿಲ್ಲವೆಂಬ ವಿನಾಯಿತಿಯನ್ನು ಅದರಲ್ಲಿಯೇ ಬರೆಯಿಸಿಕೊಂಡಿತು. ದುಡಿಮೆಯನ್ನು ಕಾಯುವ ಬೀಗವನ್ನೂ ಗಡಿಯನ್ನು ಕಾಯುವ ಬೀಗವನ್ನೂ ಶಾಸನವೊಂದು ಬೇರೆಬೇರೆಯಾಗಿ ಕಂಡದ್ದಕ್ಕೆ ಇದು ಒಳ್ಳೆಯ ನಿದರ್ಶನ.

ಬೆಲೆಯ ಲೆಕ್ಕ

ಇನ್ನು ಬೆಲೆಯ ಮಾತು. ಅಮೆರಿಕದಲ್ಲಿ ದೊಡ್ಡ ಆಟಗಳ ಬೆಲೆ ೨೦೦೫ರ ಸುಮಾರಿಗೆ ಅರುವತ್ತು ಡಾಲರಿಗೆ ಬಂದು ನಿಂತಿತು, ೨೦೨೦ರಲ್ಲಿ ಎಪ್ಪತ್ತಕ್ಕೇರಿತು, ೨೦೨೫ರ ಜೂನಿನಲ್ಲಿ ನಿಂಟೆಂಡೋ ತನ್ನ ಹೊಸ ಯಂತ್ರದೊಡನೆ ತಂದ ಆಟವೊಂದಕ್ಕೆ ಎಂಬತ್ತು ಡಾಲರ್ ಬೆಲೆಯಿಟ್ಟಿತು. ಕಂಪನಿಗಳ ಪರವಾಗಿ ಹೇಳಬೇಕಾದುದೂ ಉಂಟು. ೨೦೨೩ರಲ್ಲಿ ಅಮೆರಿಕದ ನ್ಯಾಯಾಲಯವೊಂದಕ್ಕೆ ಸಲ್ಲಿಸಿದ ದಾಖಲೆಗಳಿಂದ ಸೋನಿಯ ಒಂದು ಆಟಕ್ಕೆ, ೨೦೨೦ರ ‘ದಿ ಲಾಸ್ಟ್ ಆಫ್ ಅಸ್’ ಎರಡನೆಯ ಭಾಗಕ್ಕೆ, ತಗುಲಿದ ವೆಚ್ಚ ಇಪ್ಪತ್ತೆರಡು ಕೋಟಿ ಡಾಲರ್ ಎಂದು ತಿಳಿದುಬಂದಿತು. ಇಷ್ಟು ಬಂಡವಾಳ ಹೂಡಿದವನು ಅದನ್ನು ಹಿಂದಕ್ಕೆ ಪಡೆಯಲು ಹವಣಿಸಿದರೆ ಅದನ್ನು ದುರಾಶೆಯೆಂದು ತಳ್ಳಿಹಾಕುವಂತಿಲ್ಲ.

ಆದರೆ ಎಪ್ಪತ್ತು ಡಾಲರ್ ಎಂಬುದು ಎಲ್ಲ ದೇಶಗಳಲ್ಲಿಯೂ ಒಂದೇ ಭಾರದ ಹಣವಲ್ಲ. ೨೦೨೧ರ ಫೆಬ್ರವರಿಯಲ್ಲಿ ಪ್ಲೇಸ್ಟೇಷನ್ ಐದು ಭಾರತಕ್ಕೆ ಬಂದಾಗ ಯಂತ್ರದ ಬೆಲೆ ೪೯,೯೯೦ ರೂಪಾಯಿ. ದೊಡ್ಡ ಆಟವೊಂದರ ಬೆಲೆ ೪,೯೯೯ ರೂಪಾಯಿ. ಇದು ಅಮೆರಿಕದ ಬೆಲೆಯನ್ನು ಹೆಚ್ಚುಕಡಿಮೆ ಹಾಗೆಯೇ ರೂಪಾಯಿಗೆ ತಿರುಗಿಸಿದ್ದು. ಅಮೆರಿಕದ ಕೇಂದ್ರ ಶಾಸನ ಗೊತ್ತುಪಡಿಸಿರುವ ಕನಿಷ್ಠ ಕೂಲಿ, ಎಂದರೆ ತಾಸಿಗೆ ಏಳೂಕಾಲು ಡಾಲರ್, ಪಡೆಯುವವನು ಹತ್ತು ತಾಸು ದುಡಿದರೆ ಒಂದು ಆಟ ಕೊಳ್ಳಬಲ್ಲ. ೨೦೨೫-೨೬ರಲ್ಲಿ ಕರ್ನಾಟಕದಲ್ಲಿ ಗ್ರಾಮೀಣ ಉದ್ಯೋಗ ಖಾತರಿ ಯೋಜನೆಯ ದಿನಗೂಲಿ ೩೭೦ ರೂಪಾಯಿ ಇದ್ದಿತು. ಆ ಕೂಲಿಯವನು ಅದೇ ಆಟಕ್ಕಾಗಿ ಹದಿನಾಲ್ಕು ದಿನ ದುಡಿಯಬೇಕು, ಆ ಹದಿನಾಲ್ಕು ದಿನವೂ ಮನೆಯವರು ಉಪವಾಸವಿರಬೇಕು. ಕೂಲಿಯವನು ಇಂಥ ಆಟ ಕೊಳ್ಳಹೋಗುವುದಿಲ್ಲವೆಂಬುದು ನಿಜ. ಆದರೆ ಅವನ ಮಗ ಕಾಲೇಜಿಗೆ ಹೋಗುತ್ತಾನೆ, ಸಹಪಾಠಿಗಳು ಆಡುವುದನ್ನು ನೋಡುತ್ತಾನೆ. ಕಳ್ಳಪೇಟೆಗೆ ಗಿರಾಕಿ ಹುಟ್ಟುವುದು ಈ ಅಂತರದಲ್ಲಿ.

ದೇಶಕ್ಕೆ ತಕ್ಕ ಬೆಲೆ ಇಡಬಾರದೇಕೆ ಎಂದು ಕೇಳಿದರೆ ಕಂಪನಿಗಳು ಒಂದು ಕಷ್ಟವನ್ನು ಮುಂದಿಡುತ್ತವೆ. ಬಡ ದೇಶದಲ್ಲಿ ಅಗ್ಗವಾಗಿ ಮಾರಿದ್ದು ಶ್ರೀಮಂತ ದೇಶಕ್ಕೆ ಹರಿದು ಹೋಗುತ್ತದೆ ಎಂಬುದೇ ಆ ಕಷ್ಟ. ಇದು ಬರಿಯ ನೆಪವಲ್ಲ. ನಮ್ಮ ವಿಜ್ಞಾನದ, ಇಂಜಿನಿಯರಿಂಗಿನ ವಿದ್ಯಾರ್ಥಿಗಳು ಓದುವ ವಿದೇಶೀ ಪಠ್ಯಪುಸ್ತಕಗಳ ಮೇಲೆ ಈ ದೇಶಗಳಲ್ಲಿ ಮಾತ್ರ ಮಾರಾಟಕ್ಕೆ ಎಂದು ಅಚ್ಚಾಗಿರುವುದನ್ನು ಎಲ್ಲರೂ ನೋಡಿದ್ದಾರೆ. ಥಾಯ್ಲೆಂಡಿನಿಂದ ಅಮೆರಿಕಕ್ಕೆ ಓದಲು ಹೋದ ವಿದ್ಯಾರ್ಥಿಯೊಬ್ಬ ಅಂಥ ಅಗ್ಗದ ಪುಸ್ತಕಗಳನ್ನು ತನ್ನ ಊರಿನಿಂದ ತರಿಸಿ ಅಮೆರಿಕದಲ್ಲಿ ಮಾರಿದ. ಪ್ರಕಾಶಕರು ದಾವೆ ಹೂಡಿದರು. ೨೦೧೩ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ವಿದ್ಯಾರ್ಥಿಯ ಪಕ್ಷದಲ್ಲಿಯೇ ತೀರ್ಪಿತ್ತಿತು. ಕೊಂಡ ಪುಸ್ತಕ ಕೊಂಡವನದು, ಅವನು ಅದನ್ನು ಮಾರಬಹುದು ಎಂಬುದೇ ಆ ತೀರ್ಪಿನ ಸಾರ. ಆಟಗಳಲ್ಲಿಯೂ ಹಾಗೆಯೇ. ಸ್ಟೀಮ್ ಎಂಬ ದೊಡ್ಡ ಅಂತರಜಾಲ ಮಳಿಗೆ ೨೦೧೫ರಿಂದ ಭಾರತದವರಿಗೆ ರೂಪಾಯಿಯಲ್ಲಿ ಬೆಲೆ ಹೇಳತೊಡಗಿತು. ಎಷ್ಟೋ ಆಟಗಳು ಇಲ್ಲಿ ಅಗ್ಗವಾದವು. ಆದರೆ ಅದೇ ಮಳಿಗೆ ೨೦೨೩ರ ನವೆಂಬರಿನಲ್ಲಿ ಅರ್ಜೆಂಟೀನ ಮತ್ತು ತುರ್ಕಿಗಳಲ್ಲಿ ಆ ದೇಶಗಳ ನಾಣ್ಯವನ್ನು ಬಿಟ್ಟು ಡಾಲರಿಗೆ ತಿರುಗಿತು. ನಾಣ್ಯದ ಏರಿಳಿತ ಅದಕ್ಕೆ ಕಾರಣವೆಂದು ಹೇಳಿತು. ಅಲ್ಲಿನ ಎಷ್ಟೋ ಆಟಗಳ ಬೆಲೆ ರಾತ್ರಿ ಬೆಳಗಾಗುವುದರೊಳಗೆ ಹಲವು ಪಟ್ಟಾಯಿತು.

ಎಂದ ಮೇಲೆ ಗಡಿಯ ಬೀಗಕ್ಕೂ ಒಂದು ಸಮರ್ಥನೆ ಉಂಟು. ಈಚೆಯ ಬಡವನಿಗೆ ಅಗ್ಗವಾಗಿ ಕೊಡುವುದಕ್ಕಾಗಿ ಗಡಿ ಹಾಕಿದ್ದೇನೆಂದು ಮಾರುವವನು ಹೇಳಿದರೆ ಒಪ್ಪಬಹುದು. ಆದರೆ ಗಡಿಯೂ ಇದ್ದು ಅಗ್ಗವೂ ಇಲ್ಲವೆಂದರೆ ಆ ಗಡಿ ಯಾರ ಹಿತಕ್ಕೆ? ನಮ್ಮ ಪ್ರಶ್ನೆಯ ಮರ್ಮವಿರುವುದು ಇಲ್ಲಿ.

ಪೇಟೆಯ ಬೀದಿಯಲ್ಲಿ

ಬೆಂಗಳೂರಿನ ಸಾದರ ಪಟ್ರಪ್ಪ ರಸ್ತೆಯನ್ನೋ ಮೆಜೆಸ್ಟಿಕ್ಕಿನ ನ್ಯಾಷನಲ್ ಮಾರ್ಕೆಟ್ಟನ್ನೋ ಬಲ್ಲವರಿಗೆ ಈ ಇತಿಹಾಸದ ನಮ್ಮ ಅಧ್ಯಾಯವನ್ನು ವಿವರಿಸಬೇಕಾಗಿಲ್ಲ. ತೊಂಬತ್ತರ ದಶಕದ ಮಧ್ಯಮವರ್ಗದ ಮಕ್ಕಳು ಟಿ.ವಿ. ಗೇಮ್ ಎಂದು ಕರೆದದ್ದು ಬಹುಮಟ್ಟಿಗೆ ನಿಂಟೆಂಡೋ ಯಂತ್ರದ ನಕಲುಗಳನ್ನು. ಸಾವಿರಾರು ಆಟಗಳಿವೆಯೆಂದು ಮೇಲೆ ಬರೆದು, ಒಳಗೆ ಹತ್ತಾರು ಆಟಗಳನ್ನೇ ಹೆಸರು ಬದಲಿಸಿ ತುಂಬಿದ ಕ್ಯಾಸೆಟ್ಟುಗಳು ಆಗ ಮನೆಮನೆಗೆ ಬಂದವು. ಆಮೇಲೆ ಬಂದ ಪ್ಲೇಸ್ಟೇಷನ್ನುಗಳಿಗೆ ಅಂಗಡಿಯವರೇ ಚಿಪ್ ಹಾಕಿ ಕೊಡುತ್ತಿದ್ದರು. ಅಮೆರಿಕದ ವಾಣಿಜ್ಯ ಪ್ರತಿನಿಧಿಯ ಕಚೇರಿ ಪ್ರಕಟಿಸುವ ಕುಖ್ಯಾತ ಪೇಟೆಗಳ ೨೦೨೩ರ ಪಟ್ಟಿಯಲ್ಲಿಯೂ ಸಾದರ ಪಟ್ರಪ್ಪ ರಸ್ತೆಯ ಹೆಸರು ಬಂದಿತು.

ಇದೇ ಬೆಂಗಳೂರಿನಿಂದ ಈ ಪ್ರಶ್ನೆಗೆ ಬೇರೆ ಬಗೆಯ ಉತ್ತರವೂ ಹೊರಟಿತು. ೨೦೧೧ರಲ್ಲಿ ನ್ಯೂಯಾರ್ಕಿನ ಸಮಾಜವಿಜ್ಞಾನ ಸಂಶೋಧನ ಮಂಡಲಿ ಏಳಿಗೆಯ ಹಾದಿಯಲ್ಲಿರುವ ದೇಶಗಳಲ್ಲಿ ಕಳ್ಳಪ್ರತಿಗಳ ವಿಷಯವಾಗಿ ದೊಡ್ಡ ವರದಿಯೊಂದನ್ನು ಹೊರತಂದಿತು. ಅದರ ಭಾರತದ ಅಧ್ಯಾಯವನ್ನು ಬರೆದವರಲ್ಲಿ ಒಬ್ಬರು ಬೆಂಗಳೂರಿನ ಆಲ್ಟರ್ನೇಟಿವ್ ಲಾ ಫೋರಮ್ಮಿನ ನ್ಯಾಯವಾದಿ ಲಾರೆನ್ಸ್ ಲಿಯಾಂಗ್. ಇನ್ನೊಬ್ಬರು ದೆಹಲಿಯ ವಿದ್ವಾಂಸ ರವಿ ಸುಂದರಂ. ಭಾರತ, ರಷ್ಯ, ಬ್ರೆಜಿಲ್, ದಕ್ಷಿಣ ಆಫ್ರಿಕ, ಮೆಕ್ಸಿಕೊ, ಬೊಲಿವಿಯಗಳನ್ನು ನೋಡಿದ ಆ ವರದಿ, ಕಳ್ಳಪ್ರತಿಯ ಹಾವಳಿಗೆ ಮೂಲಕಾರಣ ಜನರ ನೀತಿಗೇಡಿತನವಲ್ಲ, ವರಮಾನಕ್ಕೆ ಹೊಂದದ ಬೆಲೆ ಎಂದು ತೀರ್ಮಾನಿಸಿತು. ಕಾನೂನಿನ ಬಲವನ್ನು ಹೆಚ್ಚಿಸಿದುದರಿಂದ ಹಾವಳಿ ತಗ್ಗಿದ ಲಕ್ಷಣ ಕಾಣದೆಂದೂ ಹೇಳಿತು.

ಪೋಲೆಂಡಿನ ಪಾಠ

ಇದಕ್ಕೆ ಪರಿಹಾರವಿಲ್ಲವೇ ಎಂದರೆ ಪೋಲೆಂಡಿನತ್ತ ನೋಡಬೇಕು. ಆ ದೇಶದಲ್ಲಿ ಕಂಪ್ಯೂಟರ್ ಪ್ರೋಗ್ರಾಮುಗಳಿಗೆ ರಕ್ಷಣೆ ಕೊಡುವ ಗ್ರಂಥಸ್ವಾಮ್ಯ ಕಾನೂನು ಬಂದುದೇ ೧೯೯೪ರಲ್ಲಿ. ಅಲ್ಲಿಯವರೆಗೆ ವಾರ್ಸಾದ ಸಂತೆಗಳಲ್ಲಿ ನಕಲಿ ಆಟಗಳು ಹಾಡಹಗಲೇ ಮಾರಾಟವಾಗುತ್ತಿದ್ದವು. ಅದೇ ವರ್ಷ ಇಬ್ಬರು ಗೆಳೆಯರು ಸಿ.ಡಿ. ಪ್ರಾಜೆಕ್ಟ್ ಎಂಬ ಚಿಕ್ಕ ಸಂಸ್ಥೆಯನ್ನು ತೆರೆದು ಅಸಲಿ ಆಟಗಳ ಮಾರಾಟಕ್ಕೆ ತೊಡಗಿದರು. ಸಂತೆಯ ನಕಲಿನೊಡನೆ ಬೆಲೆಯಲ್ಲಿ ಪೈಪೋಟಿ ಮಾಡುವುದು ಆಗದ ಮಾತು. ಅವರು ಬೇರೆ ದಾರಿ ಹಿಡಿದರು. ೧೯೯೯ರಲ್ಲಿ ‘ಬಾಲ್ಡರ್ಸ್ ಗೇಟ್’ ಎಂಬ ಆಟವನ್ನು ಪೂರ್ತಿಯಾಗಿ ಪೋಲಿಷ್ ಭಾಷೆಗೆ ತಂದರು. ಆ ದೇಶದ ಹೆಸರಾಂತ ನಟರಿಂದ ಮಾತುಗಳನ್ನು ಆಡಿಸಿದರು. ಅಂದವಾದ ಪೆಟ್ಟಿಗೆಯಲ್ಲಿ ನಕ್ಷೆ, ಕೈಪಿಡಿಗಳನ್ನಿಟ್ಟು ಮಾರಿದರು. ಆಟ ಐದು ಸಿ.ಡಿ.ಗಳಲ್ಲಿ ಇದ್ದುದರಿಂದ ನಕಲು ಮಾರುವವನಿಗೂ ಅದನ್ನು ತೀರ ಅಗ್ಗವಾಗಿ ಕೊಡಲಾಗಲಿಲ್ಲ. ಸಂತೆಗೆ ಹೋಗುತ್ತಿದ್ದ ಜನ ಅಂಗಡಿಗೆ ಬಂದರು.

ಆ ಸಂಸ್ಥೆ ಮುಂದೆ ತನ್ನ ನಾಡಿನ ಲೇಖಕ ಆಂಜೇಯ್ ಸಪ್ಕೋವ್‌ಸ್ಕಿಯವರ ಕಥೆಗಳನ್ನು ಆಧರಿಸಿ ೨೦೦೭ರಲ್ಲಿ ‘ದಿ ವಿಚರ್’ ಎಂಬ ಆಟವನ್ನು ರಚಿಸಿತು. ಅದರ ಎರಡನೆಯ ಭಾಗವನ್ನು ಪೋಲೆಂಡಿನ ಪ್ರಧಾನಿ ೨೦೧೧ರಲ್ಲಿ ತಮ್ಮ ದೇಶಕ್ಕೆ ಬಂದ ಅಮೆರಿಕದ ಅಧ್ಯಕ್ಷರಿಗೆ ಕಾಣಿಕೆಯಾಗಿ ಕೊಟ್ಟರು. ೨೦೦೮ರಲ್ಲಿ ಆ ಸಂಸ್ಥೆ ತೆರೆದ ಅಂತರಜಾಲ ಮಳಿಗೆ ಆಟಗಳನ್ನು ಬೀಗವೇ ಇಲ್ಲದೆ ಮಾರುತ್ತದೆ. ಕಳ್ಳಪ್ರತಿಯ ಸಂತೆಯ ನಡುವೆ ಹುಟ್ಟಿದವರು ಬೀಗವನ್ನು ನಂಬದೆ ಗಿರಾಕಿಯನ್ನು ನಂಬಿದರು. ನಕಲು ಮಾರುವವನಿಗೆ ಕೊಡಲಾಗದ ವಸ್ತು ಯಾವುದೆಂದು ಅವರು ಅರಿತಿದ್ದರು. ಆ ವಸ್ತು ಅವರ ಭಾಷೆ. ದೊಡ್ಡ ಕಂಪನಿಗಳ ಆಟಗಳಲ್ಲಿ ಕನ್ನಡ ಕಾಣುವುದು ಅಪರೂಪ. ಎಪ್ಪತ್ತು ಡಾಲರಿನ ಬೆಲೆಯನ್ನು ನಮ್ಮ ಮುಂದಿಡುವವರು ನಮ್ಮ ಭಾಷೆಯನ್ನು ಮುಂದಿಡಲಿಲ್ಲ.

ಏಟು ಯಾರಿಗೆ?

ಇಷ್ಟಾದರೂ ಕಳ್ಳಪ್ರತಿಯನ್ನು ನಿರ್ದೋಷವೆನ್ನುವವರು ಇತಿಹಾಸದ ಇನ್ನೊಂದು ಪುಟವನ್ನು ಓದಬೇಕು. ೧೭೯೦ರಲ್ಲಿ ಅಮೆರಿಕ ಮಾಡಿಕೊಂಡ ಗ್ರಂಥಸ್ವಾಮ್ಯ ಕಾನೂನು ಪರದೇಶದ ಲೇಖಕರಿಗೆ ರಕ್ಷಣೆ ಕೊಡಲಿಲ್ಲ. ಇಂದು ಜಗತ್ತಿಗೆಲ್ಲ ಉಪದೇಶ ಮಾಡುವ ಆ ದೇಶದ ಪ್ರಕಾಶಕರು ಅಂದು ಇಂಗ್ಲೆಂಡಿನ ಕಾದಂಬರಿಗಳನ್ನು ಹೇರಳವಾಗಿ ಅಚ್ಚು ಹಾಕಿ ಅಗ್ಗವಾಗಿ ಮಾರಿದರು. ೧೮೪೨ರಲ್ಲಿ ಅಲ್ಲಿಗೆ ಹೋದ ಚಾರ್ಲ್ಸ್ ಡಿಕನ್ಸ್ ಈ ಅನ್ಯಾಯವನ್ನು ಎತ್ತಿ ಆಡಿದಾಗ ಪತ್ರಿಕೆಗಳು ಅವನ ಮೇಲೆಯೇ ಹರಿಹಾಯ್ದವು. ಆದರೆ ಆ ಅಗ್ಗದ ಪುಸ್ತಕಗಳಿಂದ ನಿಜವಾಗಿ ಸೊರಗಿದವರಲ್ಲಿ ಅಮೆರಿಕದ ಲೇಖಕರೂ ಇದ್ದರು. ಡಿಕನ್ಸನ ಕಾದಂಬರಿ ಪುಕ್ಕಟೆಯಾಗಿ ಕೈಗೆ ಬರುವಾಗ ಸಂಭಾವನೆ ಕೊಟ್ಟು ಸ್ವದೇಶದ ಹೊಸ ಲೇಖಕನನ್ನು ಅಚ್ಚು ಹಾಕುವ ಪ್ರಕಾಶಕ ಯಾರು? ಕಡೆಗೆ ಅಮೆರಿಕದ ಲೇಖಕರೇ ಮುಂದೆ ನಿಂತು ಹೋರಾಡಿದ ಮೇಲೆ ೧೮೯೧ರಲ್ಲಿ ಪರದೇಶದ ಲೇಖಕರಿಗೂ ರಕ್ಷಣೆ ಬಂದಿತು.

ಆಟಗಳ ವಿಷಯದಲ್ಲಿಯೂ ನ್ಯಾಯ ಇದೇ. ಇಪ್ಪತ್ತೆರಡು ಕೋಟಿ ಡಾಲರಿನ ಆಟ ನೂರು ರೂಪಾಯಿಗೆ ಬೀದಿಯಲ್ಲಿ ದೊರೆತರೆ, ಇಲ್ಲಿಯ ಹತ್ತು ಮಂದಿ ಕೂಡಿ ಮಾಡಿದ ಐನೂರು ರೂಪಾಯಿಯ ಆಟವನ್ನು ಕೊಳ್ಳುವವರಾರು? ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ಎಂಬ ಪುಟ್ಟ ತಂಡ ೨೦೨೦ರಲ್ಲಿ ‘ರಾಜಿ’ ಎಂಬ ಆಟವನ್ನು ಹೊರತಂದು, ನಮ್ಮ ಪುರಾಣಲೋಕವನ್ನು ಪ್ರಪಂಚದ ಆಟಗಾರರಿಗೆ ತೋರಿಸಿತು. ಅಂಥ ತಂಡಕ್ಕೆ ಒಂದೊಂದು ಪ್ರತಿಯ ಹಣವೂ ಮುಂದಿನ ತಿಂಗಳ ಸಂಬಳ. ದೈತ್ಯ ಸಂಸ್ಥೆ ಕಳ್ಳಪ್ರತಿಯ ಏಟನ್ನು ತಾಳಿಕೊಳ್ಳುತ್ತದೆ. ಅದೇ ಏಟಿಗೆ ಚಿಕ್ಕವನು ನೆಲ ಹಿಡಿಯುತ್ತಾನೆ. ಬೆಲೆ ಅನ್ಯಾಯವಾದುದೆಂಬ ವಾದ ದೈತ್ಯನ ವಿರುದ್ಧ ನಿಲ್ಲಬಹುದು. ತಕ್ಕ ಬೆಲೆಗೆ ಮಾರುವ ಚಿಕ್ಕವನ ವಿರುದ್ಧ ಅದು ಒಂದು ಗಳಿಗೆಯೂ ನಿಲ್ಲದು.

ಬೀಗ ತೆಗೆಯುವವರು

ಬೀಗ ತೆಗೆಯುವವರೆಲ್ಲರೂ ಒಂದೇ ಜಾತಿಯವರಲ್ಲ. ೨೦೦೬ರಲ್ಲಿ ಬಂದ ಪ್ಲೇಸ್ಟೇಷನ್ ಮೂರರಲ್ಲಿ ಲಿನಕ್ಸ್ ವ್ಯವಸ್ಥೆಯನ್ನು ಹಾಕಿಕೊಂಡು ಸಾಮಾನ್ಯ ಕಂಪ್ಯೂಟರಿನಂತೆ ಬಳಸಲು ಸೋನಿಯೇ ಅವಕಾಶ ಕೊಟ್ಟಿತ್ತು. ಅಮೆರಿಕದ ವಾಯುಪಡೆ ೧,೭೬೦ ಯಂತ್ರಗಳನ್ನು ಜೋಡಿಸಿ ಒಂದು ಮಹಾಗಣಕವನ್ನೇ ಕಟ್ಟಿತು. ಜಾರ್ಜ್ ಹಾಟ್ಸ್ ಎಂಬ ತರುಣ ೨೦೧೦ರ ಜನವರಿಯಲ್ಲಿ ಆ ದಾರಿಯಿಂದ ಯಂತ್ರದ ಒಳಭಾಗವನ್ನು ಮುಟ್ಟಿದ. ಏಪ್ರಿಲ್ ಒಂದರಂದು ಸೋನಿ, ಮಾರಿಯಾದ ಯಂತ್ರಗಳಿಂದ ಆ ಅನುಕೂಲವನ್ನು ಹಿಂದಕ್ಕೆ ಪಡೆಯಿತು. ಒಪ್ಪದವನಿಗೆ ಅಂತರಜಾಲದ ಆಟ ಇಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಬರ್ಲಿನ್ನಿನ ಸಮ್ಮೇಳನವೊಂದರಲ್ಲಿ ಒಂದು ತಂಡ ಸೋನಿಯ ಬೀಗದ ದೋಷವನ್ನು ಬಯಲು ಮಾಡಿತು. ಗುಪ್ತಸಹಿ ಹಾಕುವಾಗ ಪ್ರತಿ ಸಲವೂ ಬೇರೆಯಾಗಿರಬೇಕಾದ ಸಂಖ್ಯೆಯೊಂದನ್ನು ಸೋನಿ ಪ್ರತಿ ಸಲವೂ ಅದೇ ಇಟ್ಟಿತ್ತು. ಎರಡು ಸಹಿಗಳನ್ನು ಪಕ್ಕದಲ್ಲಿಟ್ಟು ಲೆಕ್ಕ ಮಾಡಿದರೆ ರಹಸ್ಯವೇ ಹೊರಬೀಳುತ್ತಿತ್ತು. ಯಂತ್ರವನ್ನು ತಮ್ಮ ಕೆಲಸಕ್ಕೆ ಬಳಸುವ ಅವಕಾಶವಿದ್ದಷ್ಟು ಕಾಲ ಬಲ್ಲವರು ಬೀಗದ ತಂಟೆಗೆ ಹೋಗಲಿಲ್ಲ, ಅದನ್ನು ಕಸಿದುಕೊಂಡ ಮೇಲೆಯೇ ಹೋದರು ಎಂಬುದು ಆ ತಂಡದ ವಾದ.

ಇದಕ್ಕಿಂತ ಬೇರೆಯಾದುದು ನಿಂಟೆಂಡೋದ ಸ್ವಿಚ್ ಯಂತ್ರದ ಕಥೆ. ೨೦೧೮ರಲ್ಲಿ ಅದರ ಚಿಪ್ಪಿನಲ್ಲಿ ಒಂದು ದೋಷವನ್ನು ಸಂಶೋಧಕರು ಪ್ರಕಟಿಸಿದರು. ಆಗಲೇ ಮಾರಾಟವಾಗಿದ್ದ ಯಂತ್ರಗಳಲ್ಲಿ ಅದನ್ನು ತಿದ್ದುವಂತಿರಲಿಲ್ಲ. ಇದನ್ನು ಲಾಭಕ್ಕೆ ತಿರುಗಿಸಿ ನಕಲಿ ಆಟ ಆಡಿಸುವ ಸಲಕರಣೆಗಳನ್ನು ಮಾರಿದ ಗುಂಪೊಂದರ ಸದಸ್ಯನಿಗೆ ೨೦೨೨ರಲ್ಲಿ ಅಮೆರಿಕದ ನ್ಯಾಯಾಲಯ ನಲವತ್ತು ತಿಂಗಳ ಸೆರೆಮನೆ ವಿಧಿಸಿತು. ಅರಿಯಲು ಬೀಗ ತೆಗೆದವನೂ ಮಾರಲು ಬೀಗ ತೆಗೆದವನೂ ಒಂದೇ ಅಲ್ಲವೆಂಬುದಕ್ಕೆ ಈ ಎರಡು ಪ್ರಸಂಗಗಳೇ ಸಾಕು.

ಈ ಭೇದವನ್ನು ಭಾರತದ ಶಾಸನ ಗುರುತಿಸಿರುವುದು ಸಮಾಧಾನದ ಸಂಗತಿ. ಅಮೆರಿಕದ ೧೯೯೮ರ ಕಾನೂನು, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಬೀಗ ತೆಗೆಯುವುದನ್ನೇ ತಪ್ಪೆನ್ನುತ್ತದೆ. ನಮ್ಮ ಗ್ರಂಥಸ್ವಾಮ್ಯ ಕಾನೂನಿಗೆ ೨೦೧೨ರಲ್ಲಿ ಸೇರಿಸಿದ ೬೫ಎ ಪ್ರಕರಣವಾದರೋ, ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಬೀಗ ತೆಗೆದವನಿಗೆ ಮಾತ್ರ ಎರಡು ವರ್ಷದವರೆಗೆ ಸೆರೆಮನೆಯನ್ನೂ ದಂಡವನ್ನೂ ವಿಧಿಸುತ್ತದೆ. ಉದ್ದೇಶವೆಂಬ ಆ ಒಂದು ಮಾತಿನಲ್ಲಿ ವಿದ್ಯಾರ್ಥಿಗೂ ಸಂಶೋಧಕನಿಗೂ ಉಸಿರಾಡುವಷ್ಟು ಎಡೆಯಿದೆ.

ಉಳಿಸುವವರು ಯಾರು?

ಕಡೆಯದಾಗಿ ಒಂದು ಮಾತು ಗ್ರಂಥಾಲಯಗಳನ್ನು ಪ್ರೀತಿಸುವವರಿಗಾಗಿ. ೨೦೨೩ರ ಮಾರ್ಚಿನಲ್ಲಿ ನಿಂಟೆಂಡೋ ತನ್ನ ಎರಡು ಹಳೆಯ ಯಂತ್ರಗಳ ಅಂತರಜಾಲ ಮಳಿಗೆಯನ್ನು ಮುಚ್ಚಿತು. ಅಲ್ಲಿ ಮಾತ್ರ ದೊರೆಯುತ್ತಿದ್ದ ಆಟಗಳನ್ನು ಮರುದಿನದಿಂದ ಹಣ ಕೊಟ್ಟರೂ ಕೊಳ್ಳುವಂತಿರಲಿಲ್ಲ. ೨೦೧೦ಕ್ಕಿಂತ ಮೊದಲು ಅಮೆರಿಕದಲ್ಲಿ ಹೊರಬಂದ ಆಟಗಳಲ್ಲಿ ಶೇಕಡ ೮೭ರಷ್ಟು ಈಗ ಪೇಟೆಯಲ್ಲಿ ದೊರೆಯುವುದಿಲ್ಲವೆಂದು ವಿಡಿಯೋ ಆಟಗಳ ಇತಿಹಾಸದ ಪ್ರತಿಷ್ಠಾನವೊಂದು ಅದೇ ವರ್ಷ ಲೆಕ್ಕ ಕೊಟ್ಟಿತು. ೨೦೨೪ರ ಮಾರ್ಚಿನಲ್ಲಿ ಯೂಬಿಸಾಫ್ಟ್ ಸಂಸ್ಥೆ ‘ದಿ ಕ್ರೂ’ ಎಂಬ ಆಟದ ಸರ್ವರುಗಳನ್ನು ನಿಲ್ಲಿಸಿದಾಗ ಅದನ್ನು ಕೊಂಡಿದ್ದವರ ಕೈಯಲ್ಲಿ ಉಳಿದದ್ದು ಬರಿಯ ತಟ್ಟೆ. ಇದರಿಂದ ಕೆರಳಿದವರು ಯೂರೋಪಿನಲ್ಲಿ ಎತ್ತಿದ ಮನವಿಗೆ ೨೦೨೫ರ ಜುಲೈ ಹೊತ್ತಿಗೆ ಹತ್ತು ಲಕ್ಷಕ್ಕಿಂತ ಹೆಚ್ಚು ಸಹಿಗಳು ಬಂದವು. ಕೊಳ್ಳಿ ಎಂದು ಬರೆದು ಕೇವಲ ಅನುಮತಿಯನ್ನು ಮಾರುವ ಮಳಿಗೆಗಳು ಆ ಸಂಗತಿಯನ್ನು ಸ್ಪಷ್ಟವಾಗಿ ಹೇಳಬೇಕೆಂದು ಕ್ಯಾಲಿಫೋರ್ನಿಯ ೨೦೨೫ರ ಜನವರಿಯಿಂದ ಕಾನೂನು ಮಾಡಿದೆ. ಪ್ರಕಾಶಕನು ಅಂಗಡಿ ಮುಚ್ಚಿದ ದಿನ ನಮ್ಮ ಕಪಾಟಿನ ಪುಸ್ತಕಗಳೂ ಖಾಲಿ ಹಾಳೆಗಳಾದರೆ ಹೇಗೋ ಹಾಗೆ ಇದು. ಇಂದು ಹಳೆಯ ಆಟಗಳಲ್ಲಿ ಎಷ್ಟೋ ಉಳಿದಿದ್ದರೆ ಅದು ಯಾರೋ ಒಬ್ಬರು ಅಪ್ಪಣೆಯಿಲ್ಲದೆ ಬೀಗ ತೆಗೆದು ಪ್ರತಿ ಮಾಡಿಟ್ಟುದರಿಂದ. ಓಲೆಗರಿಯ ಪ್ರತಿಕಾರರಿಂದಲೇ ಪಂಪ ರನ್ನರು ಉಳಿದು ಬಂದ ನಾಡಿನವರಾದ ನಾವು ಈ ಕೆಲಸದ ಬೆಲೆಯನ್ನು ಅರಿಯದವರಲ್ಲ.

ಹಾಗಾದರೆ ನ್ಯಾಯವಾದ ಏರ್ಪಾಟು ಯಾವುದು? ಗಡಿ ಹಾಕುವವನು ಗಡಿಯೊಳಗಿನವರ ವರಮಾನಕ್ಕೆ ತಕ್ಕ ಬೆಲೆಯನ್ನೂ, ಸಾಧ್ಯವಾದಲ್ಲಿ ಅವರ ಭಾಷೆಯನ್ನೂ ಕೊಡಬೇಕು. ಮಾರುವುದನ್ನು ನಿಲ್ಲಿಸಿದ ಆಟದ ಬೀಗದ ಕೈಯನ್ನು ಗ್ರಂಥಾಲಯಗಳಿಗೆ ಒಪ್ಪಿಸಬೇಕು. ಕೊಂಡ ಯಂತ್ರವನ್ನು ಬಿಚ್ಚಿ ನೋಡುವವನನ್ನು ನಕಲು ಮಾರುವವನ ಜೊತೆ ಒಂದೇ ಕಟಕಟೆಯಲ್ಲಿ ನಿಲ್ಲಿಸಬಾರದು. ಇವು ಮಾರುವವರ, ಶಾಸನಕರ್ತರ ಹೊಣೆ. ಆಡುವವರ ಹೊಣೆಯೂ ಒಂದಿದೆ. ತಕ್ಕ ಬೆಲೆಗೆ, ಬೀಗವಿಲ್ಲದೆ, ನಮ್ಮ ನುಡಿಯಲ್ಲಿ ಒಂದು ಆಟ ಎದುರಿಗೆ ಬಂದ ದಿನ ಅದನ್ನು ಹಣ ಕೊಟ್ಟೇ ಕೊಳ್ಳಬೇಕು. ಬೆಲೆ ಹೆಚ್ಚೆಂಬ ಕಾರಣ ಆ ದಿನ ಯಾರ ಬಾಯಲ್ಲೂ ಬರುವಂತಿಲ್ಲ. ಅಂದೂ ನಕಲನ್ನೇ ಹುಡುಕಿಕೊಂಡು ಹೋದರೆ, ಕನ್ನಡದಲ್ಲಿ ಆಟ ಮಾಡಹೊರಟ ಮೊದಲನೆಯವನೇ ಕಡೆಯವನೂ ಆದಾನು.